ಮಕ್ಕಳಿರುವ ಮನೆಗೆ ನಾಯಿ: ಬೆಂಗಳೂರಿನ ಒಂದು ದತ್ತು ಕೇಂದ್ರದ ಸೇವೆಯ ವಿಮರ್ಶೆ

ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ ಮತ್ತು ಮಂಡಿನೋವಿನ ಅತ್ತೆಯವರು ಇರುವ ನಮ್ಮ ಮನೆಗೆ ನಾಯಿಯೊಂದನ್ನು ತರುವುದೆಂದು ತೀರ್ಮಾನವಾದಾಗ ಮೂರು ದಾರಿಗಳಿದ್ದವು: ಸಾಕುಪ್ರಾಣಿಗಳನ್ನು ಮಾರುವ ಅಂಗಡಿ, ಮನೆಯಲ್ಲೇ ಮರಿ ಮಾಡಿಸಿ ಮಾರುವವರು, ಮತ್ತು ನಾಯಿಗಳನ್ನು ದತ್ತು ಕೊಡುವ ಪ್ರಾಣಿರಕ್ಷಣಾ ಕೇಂದ್ರ. ಮೂರನ್ನೂ ನೋಡಿದ ಮೇಲೆ ನಗರದ ದಕ್ಷಿಣದ ಅಂಚಿನಲ್ಲಿರುವ ಒಂದು ದತ್ತು ಕೇಂದ್ರದಿಂದ, ಬೀದಿಯಲ್ಲಿ ಹುಟ್ಟಿ ಅಪಘಾತದಲ್ಲಿ ಕಾಲು ಮುರಿದುಕೊಂಡು ಅಲ್ಲಿಗೆ ಸೇರಿದ್ದ, ಸುಮಾರು ಮೂರು ವರ್ಷದ ಹೆಣ್ಣುನಾಯಿಯನ್ನು ಕರೆತಂದೆವು. ಅವಳ ಹೆಸರು ಬೆಳ್ಳಿ. ಈ ಬರಹ ಮುಖ್ಯವಾಗಿ ಆ ಕೇಂದ್ರದ ಸೇವೆಯ ಬಗ್ಗೆ. ಆದರೆ ಉಳಿದ ಎರಡು ದಾರಿಗಳನ್ನು ಏಕೆ ಬಿಟ್ಟೆವು, ಮಕ್ಕಳ ಜೊತೆ ಹೊಂದಿಕೊಳ್ಳುವ ನಾಯಿಯನ್ನು ಯಾವುದರಿಂದ ಗುರುತಿಸಬೇಕು ಎಂಬುದನ್ನು ಹೇಳದೆ ಆ ಸೇವೆಯ ಬೆಲೆ ತಿಳಿಯುವುದಿಲ್ಲವಾದ್ದರಿಂದ ಅದನ್ನೂ ಬರೆಯುತ್ತಿದ್ದೇನೆ.

ಮಕ್ಕಳಿಗೆ ಯಾವ ಜಾತಿಯ ನಾಯಿ ಒಳ್ಳೆಯದು ಎಂಬುದೇ ನಮ್ಮಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಈ ಪ್ರಶ್ನೆಗೆ ಉತ್ತರವೇ ಇಲ್ಲವೆಂದಲ್ಲ, ಆದರೆ ಅದಕ್ಕೆ ನಾವು ಕೊಡುವಷ್ಟು ತೂಕ ಇಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 18,385 ನಾಯಿಗಳ ಬಗ್ಗೆ ಅವುಗಳ ಒಡೆಯರಿಂದ ಮಾಹಿತಿ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನು ಪರೀಕ್ಷಿಸಿತ್ತು. ಒಂದೊಂದು ನಾಯಿಯ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು 9 ಪ್ರತಿಶತ ಮಾತ್ರ ಎಂಬುದು ಅದರ ತೀರ್ಮಾನ. ಒಂದೇ ಸೂಲಿನ ಎರಡು ಲ್ಯಾಬ್ರಡಾರ್ ಮರಿಗಳಲ್ಲಿ ಒಂದು ಮಕ್ಕಳ ಮಡಿಲಲ್ಲಿ ಮಲಗುವಂಥದ್ದೂ ಇನ್ನೊಂದು ಬಟ್ಟಲ ಬಳಿ ಯಾರನ್ನೂ ಸೇರಿಸದಂಥದ್ದೂ ಆಗಬಹುದು ಎಂದು ನಾಯಿ ಸಾಕಿದವರು ಅನುಭವದಿಂದ ಹೇಳುತ್ತಿದ್ದ ಮಾತಿಗೂ ಇದಕ್ಕೂ ವಿರೋಧವಿಲ್ಲ.

ಹಾಗೆಂದು ತಳಿಯನ್ನು ಪೂರ್ತಿ ಮರೆಯುವಂತಿಲ್ಲ, ಏಕೆಂದರೆ ಸ್ವಭಾವಕ್ಕಿಂತ ಹೆಚ್ಚಾಗಿ ಗಾತ್ರ, ರೋಮ, ಉಸಿರಾಟ, ಓಡುವ ಹಂಬಲ ಇವೆಲ್ಲ ತಳಿಯಿಂದಲೇ ಬರುತ್ತವೆ ಮತ್ತು ಮಕ್ಕಳಿರುವ ಮನೆಯಲ್ಲಿ ದಿನನಿತ್ಯದ ಬದುಕನ್ನು ನಿರ್ಧರಿಸುವುದು ಅವೇ. ಲ್ಯಾಬ್ರಡಾರ್‌ಗೆ ಮಕ್ಕಳ ಸ್ನೇಹಿತ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಬೇಟೆಗಾರ ಹೊಡೆದ ಹಕ್ಕಿಯನ್ನು ಹಲ್ಲು ನಾಟದಂತೆ ಕಚ್ಚಿ ತರಲು, ಮನುಷ್ಯನ ಮಾತಿಗೆ ಕಾಯಲು ತಲೆಮಾರುಗಳಿಂದ ಆರಿಸಿ ಬೆಳೆಸಿದ ನಾಯಿ ಅದು. ತಿನಿಸಿನ ಆಸೆ ಅತಿಯಾಗಿರುವುದರಿಂದ ಪಾಠ ಕಲಿಸುವುದೂ ಸುಲಭ. ಆದರೆ 25 ರಿಂದ 36 ಕಿಲೋ ತೂಗುವ ಈ ನಾಯಿಗೆ ಎರಡು ವರ್ಷ ತುಂಬುವ ತನಕ ತನ್ನ ಮೈಭಾರದ ಅರಿವಿರುವುದಿಲ್ಲ. ಪ್ರೀತಿಯಿಂದ ನುಗ್ಗಿ ಬಂದರೂ ನಾಲ್ಕು ವರ್ಷದ ಮಗು ಬೀಳುವುದು, ಮಂಡಿನೋವಿನವರು ಆಯ ತಪ್ಪುವುದು ಖಂಡಿತ. ನಮ್ಮ ಮನೆಗೆ ಲ್ಯಾಬ್ರಡಾರ್ ಮರಿ ಬೇಡವೆನಿಸಿದ್ದು ಈ ಒಂದೇ ಕಾರಣಕ್ಕೆ. ಗೋಲ್ಡನ್ ರಿಟ್ರೀವರ್ ಸ್ವಭಾವದಲ್ಲಿ ಅದಕ್ಕಿಂತಲೂ ಮೃದು, ಆದರೆ ಆ ದಟ್ಟ ರೋಮವನ್ನು ದಿನವೂ ಬಾಚುವ ವ್ಯವಧಾನ ಬೇಕು, ಮತ್ತು ರಾಯಚೂರು, ಕಲಬುರಗಿಯ ಬೇಸಿಗೆಗೆ ಅದನ್ನು ಒಯ್ಯುವುದು ಅದಕ್ಕೆ ಮಾಡುವ ಅನ್ಯಾಯ. ಬೀಗಲ್ ಹದವಾದ ಗಾತ್ರದ, ಮಕ್ಕಳ ಗದ್ದಲವನ್ನು ಸಹಿಸುವ ನಾಯಿ. ಆದರೆ ಮೂಗು ಎಳೆದ ಕಡೆಗೆ ಓಡುವ ಜಾಯಮಾನದ ಇದಕ್ಕೆ ಗೇಟು ತೆರೆದಿಟ್ಟು ಬರುವ ಮಕ್ಕಳು ಹೊಂದುವುದಿಲ್ಲ, ಊಳಿಡುವ ಇದರ ದನಿಗೆ ಅಪಾರ್ಟ್‌ಮೆಂಟಿನ ನೆರೆಯವರೂ ಹೊಂದುವುದಿಲ್ಲ. ಪಗ್ ನೋಡಲು ಮುದ್ದು, ಮಕ್ಕಳಿಗೂ ಇಷ್ಟ. ಚಪ್ಪಟೆ ಮೂತಿಯಿಂದಾಗಿ ಜೀವನವಿಡೀ ಉಸಿರಿಗೆ ಒದ್ದಾಡುವ ಪ್ರಾಣಿಯನ್ನು ಹಣ ಕೊಟ್ಟು ಮಾಡಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಪಾಮೇರಿಯನ್ ಎಂದು ನಮ್ಮಲ್ಲಿ ಕರೆಯುವ ಬಿಳಿಯ ಸಣ್ಣ ನಾಯಿಯ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಚಿಕ್ಕ ನಾಯಿ ಚಿಕ್ಕ ಮಕ್ಕಳಿಗೆ ಸರಿ ಎಂಬ ನಂಬಿಕೆ ಎಷ್ಟೋ ಮನೆಗಳಲ್ಲಿದೆ. ಎತ್ತಿಕೊಳ್ಳಲು ಬರುವಷ್ಟು ಚಿಕ್ಕದಾದ ನಾಯಿಯನ್ನು ಮಕ್ಕಳು ಎತ್ತಿಕೊಂಡೇ ತೀರುತ್ತಾರೆ, ಕೈಜಾರಿ ಬೀಳಿಸುತ್ತಾರೆ, ಅದಕ್ಕೆ ನೋವಾಗುತ್ತದೆ, ನೋವಾದ ನಾಯಿ ಮುಂದಿನ ಸಲ ಕೈ ಚಾಚಿದಾಗಲೇ ಹಲ್ಲು ತೋರಿಸುತ್ತದೆ. ನಾಲ್ಕೈದು ವರ್ಷದೊಳಗಿನ ಮಕ್ಕಳಿರುವಲ್ಲಿ, ಮಗು ಎತ್ತಲಾರದಷ್ಟು ದೊಡ್ಡದಾಗಿಯೂ ಮಗುವನ್ನು ಬೀಳಿಸಲಾರದಷ್ಟು ಚಿಕ್ಕದಾಗಿಯೂ ಇರುವ ನಾಯಿ, ಅಂದರೆ ಸುಮಾರು 12 ರಿಂದ 20 ಕಿಲೋದ ನಾಯಿ, ಅನುಕೂಲ ಎಂದು ನಾನು ತಿಳಿದಿದ್ದೇನೆ. ನಮ್ಮ ಊರಿನ ಬೀದಿನಾಯಿಗಳು ಹೆಚ್ಚುಕಡಿಮೆ ಇದೇ ಅಳತೆಯವು.

ಮುಧೋಳ ನಾಯಿಯನ್ನು ಕೇಳುವವರೂ ಬಹಳ. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, 2016ರಲ್ಲಿ ಸೇನೆಯ ತರಬೇತಿಗೆ ಮೀರತ್‌ಗೆ ಹೋದ ನಮ್ಮದೇ ತಳಿಯ ಬಗ್ಗೆ ಹೆಮ್ಮೆ ಇರುವುದು ಸಹಜ, ನನಗೂ ಇದೆ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಈ ತಳಿಯನ್ನು ಶುದ್ಧವಾಗಿ ಉಳಿಸುವ ಕೆಲಸ ಮಾಡುತ್ತಿದೆ. ಮುಧೋಳ ನಾಯಿಯೇ ಬೇಕೆನ್ನುವವರು ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು. ಆದರೆ ಅದು ಕಣ್ಣಿಗೆ ಬಿದ್ದ ಬೇಟೆಯನ್ನು ಬೆನ್ನಟ್ಟುವ ನಾಯಿ. ಮನೆಯವರಿಗೆ ನಿಷ್ಠೆ ತೋರಿದರೂ ಹೊಸಬರ ಕೈ ಮೈಮೇಲೆ ಬೀಳುವುದನ್ನು ಸಾಮಾನ್ಯವಾಗಿ ಇಷ್ಟಪಡುವುದಿಲ್ಲ. ಮಕ್ಕಳಿರುವ ಮನೆಗೆ ಮಕ್ಕಳ ಗೆಳೆಯರೂ ಬರುತ್ತಾರೆ, ಕೇಳದೆ ಮುಟ್ಟುತ್ತಾರೆ, ಕಿರುಚಿ ಓಡುತ್ತಾರೆ. ಹೊಲ, ತೋಟ, ಬೆಳೆದ ಮಕ್ಕಳು ಇರುವ ಮನೆಗೆ ಮುಧೋಳ ನಾಯಿ ಸೊಗಸು; ಮೂವತ್ತು ನಲವತ್ತರ ಸೈಟಿನ ಮನೆಗೆ, ಅದರಲ್ಲೂ ಪುಟ್ಟ ಮಕ್ಕಳಿರುವಲ್ಲಿ, ನಾನು ಹೇಳುವುದಿಲ್ಲ.

ಅಂಗಡಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ನಾವು ಹೋದ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಮಲಗಿದ್ದ ಮರಿಗಳಿಗೆ 45 ದಿನ ಎಂದರು. 2017ರ ಶ್ವಾನ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮರಿ ಮಾಡಿಸುವವರು ರಾಜ್ಯ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಇದು ಕೇವಲ ಕಾಗದದ ಮಾತಲ್ಲ. ಕಚ್ಚುವಾಗ ಎಷ್ಟು ಬಿಗಿ ಹಿಡಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿಯಿಂದ, ಒಡಹುಟ್ಟಿದ ಮರಿಗಳಿಂದ. ಆ ಪಾಠ ಮುಗಿಯುವ ಮೊದಲೇ ತಾಯಿಯಿಂದ ಬಿಡಿಸಿದ ಮರಿ ಆ ಪಾಠವನ್ನು ಮಕ್ಕಳ ಕೈಕಾಲಿನ ಮೇಲೆ ಕಲಿಯಬೇಕಾಗುತ್ತದೆ. ತಾಯಿಯನ್ನು ನೋಡಬಹುದೇ ಎಂದು ಕೇಳಿದ್ದಕ್ಕೆ ಆ ಅಂಗಡಿಯಲ್ಲಿ ಉತ್ತರ ಸಿಗಲಿಲ್ಲ. ಮನೆಯಲ್ಲೇ ಮರಿ ಮಾಡಿಸುವ ಒಬ್ಬರು ಮಾತ್ರ ತಾಯಿನಾಯಿಯನ್ನು ತೋರಿಸಿದರು, ಅದು ಶಾಂತವಾಗಿಯೂ ಇತ್ತು. ಅವರು ಹೇಳಿದ್ದೆಲ್ಲ ನಾಯಿಯ ಗುಣಗಾನ, ದೋಷದ ಒಂದು ಮಾತೂ ಬರಲಿಲ್ಲ. ನಾಯಿ ಕೊಡುವವರನ್ನು ಅಳೆಯಲು ನಾನು ಹಿಡಿದ ಅಳತೆಗೋಲು ಇದೇ: ತಾವು ಕೊಡುವ ನಾಯಿಯ ವಿರುದ್ಧ ಅವರು ಎಷ್ಟು ಮಾತು ಆಡಬಲ್ಲರು, ನಿಮ್ಮ ಮನೆಗೆ ಇದು ಬೇಡ ಎಂದು ಹೇಳಬಲ್ಲರೇ?

ದತ್ತು ಕೇಂದ್ರ ಈ ಪರೀಕ್ಷೆಯಲ್ಲಿ ಗೆದ್ದಿತು. ಅಲ್ಲಿ ಮೊದಲು ನಾಯಿಗಳನ್ನು ತೋರಿಸುವುದಿಲ್ಲ. ಮನೆಯಲ್ಲಿ ಯಾರು ಯಾರಿದ್ದಾರೆ, ಮಕ್ಕಳ ವಯಸ್ಸೆಷ್ಟು, ಹಗಲು ನಾಯಿಯ ಜೊತೆ ಯಾರಿರುತ್ತಾರೆ, ಊರಿಗೆ ಹೋದಾಗ ಎಲ್ಲಿ ಬಿಡುತ್ತೀರಿ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯೇ ಎಂದು ಕೂರಿಸಿಕೊಂಡು ಕೇಳುತ್ತಾರೆ. ಕೆಲವರಿಗೆ ಇದು ಕಿರಿಕಿರಿ ಎನಿಸುವುದನ್ನು ಅಲ್ಲೇ ಕಂಡೆ, ಆದರೆ ನಾಲ್ಕು ವರ್ಷದ ಮಗು ಇದೆ ಎಂದ ಕೂಡಲೇ ಅಲ್ಲಿನ ಸ್ವಯಂಸೇವಕಿ ಪಟ್ಟಿಯಲ್ಲಿದ್ದ ಅರ್ಧಕ್ಕಿಂತ ಹೆಚ್ಚು ನಾಯಿಗಳನ್ನು ಬದಿಗಿಟ್ಟದ್ದು ನನಗೆ ಧೈರ್ಯ ಕೊಟ್ಟಿತು. ಆರು ತಿಂಗಳೊಳಗಿನ ಮರಿಗಳನ್ನೂ ಅವರು ಬದಿಗಿಟ್ಟರು. ಮರಿಯ ಸ್ವಭಾವ ಇನ್ನೂ ರೂಪುಗೊಳ್ಳುತ್ತಿರುತ್ತದೆ, ಹಲ್ಲು ಹುಟ್ಟುವ ಕಾಲದಲ್ಲಿ ಕಂಡದ್ದನ್ನೆಲ್ಲ ಕಡಿಯುತ್ತದೆ, ರಾತ್ರಿ ಅಳುತ್ತದೆ, ಅದರ ಹಿಂದೆ ಓಡುವ ತಾಯ್ತಂದೆಯರಿಗೆ ಮಗುವಿನ ಮೇಲೆ ಕಣ್ಣಿಡಲು ಆಗುವುದಿಲ್ಲ. ಎರಡು ಮೂರು ವರ್ಷದ ನಾಯಿ ಹೇಗಿದೆಯೋ ಹಾಗೆಯೇ ಎದುರಿಗೆ ಇರುತ್ತದೆ, ಅದನ್ನು ನೋಡಿಯೇ ನಿರ್ಧರಿಸಬಹುದು ಎಂಬುದು ಅವರ ವಾದ. ಮರಿಯನ್ನೇ ತಂದು ಮಕ್ಕಳ ಜೊತೆ ಬೆಳೆಸಬೇಕು ಎಂಬ ನಮ್ಮ ಹಳೆಯ ತಿಳಿವಳಿಕೆಗೆ ಇದು ವಿರುದ್ಧವಾದರೂ, ಇಷ್ಟು ತಿಂಗಳು ಬೆಳ್ಳಿಯ ಜೊತೆ ಕಳೆದ ಮೇಲೆ ಇದು ಸರಿ ಎಂದು ನಾನು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ.

ಮಗಳ ಕಣ್ಣು ಮೊದಲು ಬಿದ್ದದ್ದು ಕಂದುಬಣ್ಣದ, ಕಿವಿ ಜೋತುಬಿದ್ದ ಒಂದು ಗಂಡುನಾಯಿಯ ಮೇಲೆ. ಅದು ಬಾಲ ಆಡಿಸುತ್ತ ಬಂದು ಅವಳ ಅಂಗೈ ನೆಕ್ಕಿತು, ನನಗೂ ಅದೇ ಇರಲಿ ಎನಿಸಿತು. ಸ್ವಯಂಸೇವಕಿ ಬೇಡವೆನ್ನಲಿಲ್ಲ, ಮಕ್ಕಳನ್ನು ಜಾಲರಿಯ ಆಚೆ ನಿಲ್ಲಿಸಿ, ಅದರ ಮುಂದೆ ಅನ್ನ ಮತ್ತು ಕೋಳಿಯ ಬಟ್ಟಲನ್ನಿಟ್ಟು, ತಾವು ಬಟ್ಟಲಿನ ಕಡೆ ಮೆಲ್ಲನೆ ಹೆಜ್ಜೆ ಹಾಕಿದರು. ನಾಯಿ ಬೊಗಳಲಿಲ್ಲ, ಗುರ್ ಎನ್ನಲೂ ಇಲ್ಲ. ತಿನ್ನುವುದನ್ನು ನಿಲ್ಲಿಸಿ, ಬಟ್ಟಲ ಮೇಲೆ ಮೂತಿ ಇಟ್ಟು, ಮೈಯನ್ನೆಲ್ಲ ಬಿಗಿ ಹಿಡಿದು ನಿಂತಿತು. ತಲೆ ಎತ್ತದೆ ಕಣ್ಣು ಮಾತ್ರ ಹೊರಳಿಸಿದ್ದರಿಂದ ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣಿಸಿತು. “ನೋಡಿ ಸರ್, ಬಾಲ ಈಗಲೂ ಆಡ್ತಿದೆ, ಆದ್ರೆ ಮೈ ನೋಡಿ. ದೊಡ್ಡವರು ಮಾತ್ರ ಇರೋ ಮನೆಗೆ ಇವನು ಚಿನ್ನದಂಥ ನಾಯಿ, ನಿಮ್ಮ ಮನೆಗೆ ಬೇಡ,” ಎಂದರು. ನಮಗೆ ಮೆಚ್ಚಿಗೆಯಾಗಿದ್ದ, ಆ ದಿನವೇ ಕೊಟ್ಟು ಕೈತೊಳೆದುಕೊಳ್ಳಬಹುದಾಗಿದ್ದ ನಾಯಿಯನ್ನು ಅವರು ಹೀಗೆ ತಡೆದರು. ಬಾಲ ಆಡಿಸುವ ನಾಯಿ ಸಂತೋಷವಾಗಿದೆ ಎಂದು ಮಕ್ಕಳಿಗೆ ಕಲಿಸುವ ನಾವೆಲ್ಲ ಆ ಒಂದು ನಿಮಿಷವನ್ನು ನೋಡಬೇಕಿತ್ತು.

ಬೆಳ್ಳಿಯನ್ನು ತೋರಿಸಿದ್ದು ಆಮೇಲೆ. ಅವಳು ಓಡಿ ಬರಲಿಲ್ಲ. ದೂರದಿಂದ ಗಾಳಿ ಮೂಸಿ, ವಕ್ರವಾಗಿ ಸುತ್ತು ಹಾಕಿ ಬಂದು, ಮಗಳ ಪಕ್ಕದಲ್ಲಿ ಕುಳಿತಳು. ಮಗ ಕೈಯಲ್ಲಿದ್ದ ಸ್ಟೀಲ್ ನೀರಿನ ಬಾಟಲಿಯನ್ನು ಸಿಮೆಂಟಿನ ನೆಲದ ಮೇಲೆ ಬೀಳಿಸಿದಾಗ ಬೆಚ್ಚಿ ಎರಡು ಹೆಜ್ಜೆ ಹಿಂದೆ ಹಾರಿದಳು, ಮೈ ಕೊಡವಿದಳು, ಮತ್ತೆ ತಾನಾಗಿಯೇ ಮುಂದೆ ಬಂದು ಬಾಟಲಿಯನ್ನು ಮೂಸಿದಳು. ಬೆಚ್ಚದ ನಾಯಿಯನ್ನು ಹುಡುಕಬೇಡಿ, ಬೆಚ್ಚಿದ ಮೇಲೆ ಎಷ್ಟು ಬೇಗ ಸಮಾಧಾನಕ್ಕೆ ಬರುತ್ತದೆ ಎಂಬುದನ್ನು ನೋಡಿ ಎಂದು ಸ್ವಯಂಸೇವಕಿ ವಿವರಿಸಿದರು. ಮಕ್ಕಳಿರುವ ಮನೆಯಲ್ಲಿ ತಟ್ಟೆ ಬೀಳುವುದು, ಬಲೂನು ಒಡೆಯುವುದು, ಅಳು, ಕೂಗು ನಿಲ್ಲುವುದಿಲ್ಲವಾದ್ದರಿಂದ ನನಗೆ ಸಿಕ್ಕಿದ ಸಲಹೆಗಳಲ್ಲೆಲ್ಲ ಇದೇ ಹೆಚ್ಚು ಬೆಲೆಯುಳ್ಳದ್ದು. ಪಂಜ ಹಿಡಿದಾಗ, ಕಿವಿ ಎತ್ತಿ ನೋಡಿದಾಗ, ಬಾಯಿಗಿಟ್ಟ ಬಿಸ್ಕತ್ತನ್ನು ಬೇರೊಂದು ತಿನಿಸು ತೋರಿಸಿ ಬಿಡಿಸಿಕೊಂಡಾಗ ಅವಳು ತಲೆ ತಿರುಗಿಸಿದಳೇ ಹೊರತು ಬಿಗಿಯಾಗಲಿಲ್ಲ. ಅದೇ ಹೊತ್ತಿನಲ್ಲಿ ಅವಳ ದೋಷಗಳನ್ನೂ ಹೇಳಿದರು: ಪಟಾಕಿಗೆ ಬಹಳ ಹೆದರುತ್ತಾಳೆ, ಬೆಕ್ಕನ್ನು ಕಂಡರೆ ಸುಮ್ಮನಿರುವುದಿಲ್ಲ, ಮುರಿದು ಕೂಡಿದ ಹಿಂಗಾಲನ್ನು ಯಾರೂ ಎಳೆಯಬಾರದು. ಮೂರೂ ನಿಜವಾದವು, ಮೂರಕ್ಕೂ ನಾವು ಮೊದಲೇ ಸಿದ್ಧರಾಗಿದ್ದೆವು.

ಅದೇ ದಿನ ಅವಳನ್ನು ಕಳುಹಿಸಲಿಲ್ಲ. ಇನ್ನೊಮ್ಮೆ ಎಲ್ಲರೂ ಬರಬೇಕು, ಅಜ್ಜಿಯೂ ಸೇರಿ, ಎಂದರು. ಆಮೇಲೆ ಒಬ್ಬರು ಮನೆಗೆ ಬಂದು ಬಾಲ್ಕನಿಯ ಸರಳುಗಳ ನಡುವಿನ ಅಂತರ, ಗೇಟಿನ ಅಗುಳಿ, ಔಷಧಿ ಇಡುವ ಜಾಗ ಎಲ್ಲವನ್ನೂ ನೋಡಿದರು. ಕೊನೆಗೆ, ಹೊಂದದಿದ್ದರೆ ಯಾವ ಪ್ರಶ್ನೆಯೂ ಇಲ್ಲದೆ ವಾಪಸು ತೆಗೆದುಕೊಳ್ಳುತ್ತೇವೆ ಎಂಬ ಬರಹದ ಮಾತಿನೊಂದಿಗೆ ಪ್ರಾಯೋಗಿಕ ಅವಧಿಗೆ ಕಳುಹಿಸಿದರು. ಹಿಂದಿರುಗಿಸುವುದು ಪಾಪವೆಂಬಂತೆ ಮಾತಾಡುವ ಸಂಸ್ಥೆಗಳೂ ಇವೆ. ಆ ಒತ್ತಡಕ್ಕೆ ಹೆದರಿ ಹೊಂದದ ನಾಯಿಯನ್ನು ಮಕ್ಕಳ ನಡುವೆ ಇಟ್ಟುಕೊಳ್ಳುವುದು ಎಲ್ಲರಿಗೂ ಅಪಾಯ. ಈ ಕೇಂದ್ರದ ನಿಲುವು ನನಗೆ ಹಿಡಿಸಿತು.

ಇನ್ನು ಕುಂದುಗಳು. ಭೇಟಿಗೆ ಅವಕಾಶವಿರುವುದು ಶನಿವಾರ, ಭಾನುವಾರ ಮಾತ್ರ. ಆಗ ಜನಸಂದಣಿಯಿಂದ ನಾಯಿಗಳೆಲ್ಲ ಒಟ್ಟಿಗೆ ಬೊಗಳುತ್ತಿರುತ್ತವೆ, ಒಂದು ನಾಯಿಯ ನಿಜಸ್ವಭಾವ ತಿಳಿಯುವುದು ಕಷ್ಟ. ನಾವು ಎರಡನೆಯ ಸಲ ವಾರದ ನಡುವೆ ಬರಲು ಅನುಮತಿ ಕೇಳಿ ಪಡೆದದ್ದರಿಂದಲೇ ಬೆಳ್ಳಿಯನ್ನು ಸಮಾಧಾನವಾಗಿ ನೋಡಲಾಯಿತು. ಅವರ ಫಲಕದಲ್ಲಿ ಕೆಲವು ನಾಯಿಗಳ ಹೆಸರಿನ ಮುಂದೆ ‘ಮಕ್ಕಳ ಜೊತೆ ಹೊಂದುತ್ತದೆ’ ಎಂದು ಬರೆದಿದೆ, ಆದರೆ ಎಷ್ಟು ವಯಸ್ಸಿನ ಮಕ್ಕಳ ಜೊತೆ, ಎಷ್ಟು ಸಲ ನೋಡಿ ಹೀಗೆಂದರು ಎಂದು ಕೇಳಿದರೆ ಎಲ್ಲದಕ್ಕೂ ಉತ್ತರ ಸಿಗುವುದಿಲ್ಲ. ಹನ್ನೆರಡು ವರ್ಷದ ಹುಡುಗನ ಜೊತೆ ಚೆನ್ನಾಗಿರುವ ನಾಯಿ, ತಪ್ಪುಹೆಜ್ಜೆ ಇಡುವ ಕೂಸಿನ ಜೊತೆ ಹಾಗೆಯೇ ಇರುತ್ತದೆಂದು ಹೇಳಲಾಗದು. ಎಲ್ಲಕ್ಕಿಂತ ದೊಡ್ಡ ಕುಂದು ಆರೋಗ್ಯ ತಪಾಸಣೆಯದು. ಲಸಿಕೆಗಳು, ಸಂತಾನಹರಣ ಶಸ್ತ್ರಚಿಕಿತ್ಸೆ, ಜಂತುಹುಳದ ಔಷಧ ಎಲ್ಲವೂ ಆಗಿದ್ದವು, ದಾಖಲೆ ಪುಸ್ತಕವೂ ಸರಿಯಾಗಿತ್ತು. ಆದರೆ ಉಣ್ಣೆ ಎಂಬ ರಕ್ತ ಹೀರುವ ಹುಳು (ಟಿಕ್) ಕಚ್ಚಿ ಹರಡುವ ಉಣ್ಣೆಜ್ವರದ ರಕ್ತಪರೀಕ್ಷೆ ಆಗಿರಲಿಲ್ಲ. ಮನೆಗೆ ಬಂದ ಕೆಲವೇ ದಿನಗಳಲ್ಲಿ ಬೆಳ್ಳಿ ಊಟ ಬಿಟ್ಟಳು, ಒಸಡು ಬಿಳಿಚಿಕೊಂಡಿತು; ನಮ್ಮ ಪಶುವೈದ್ಯರು ಪರೀಕ್ಷಿಸಿ ಅದೇ ಎಂದರು. ಔಷಧದ ಪೂರ್ಣ ಅವಧಿ ಮುಗಿದ ಮೇಲೆ ಗುಣವಾದಳು, ಆದರೆ ನೋವಿನಲ್ಲಿರುವ ನಾಯಿ ಯಾವ ಮಗುವಿನ ಜೊತೆಯೂ ಸುರಕ್ಷಿತವಲ್ಲ. ಉಣ್ಣೆಯ ಕಾಟ ಇಷ್ಟಿರುವ ನಮ್ಮ ಊರಿನಲ್ಲಿ ದತ್ತು ಕೊಡುವ ಮೊದಲು ಈ ಪರೀಕ್ಷೆ ಮಾಡಿಸುವುದನ್ನು ಕಡ್ಡಾಯ ಮಾಡಬೇಕೆಂದು ಅವರಿಗೆ ಬರೆದಿದ್ದೇನೆ. ಮೊದಲ ತಿಂಗಳು ಪ್ರತಿ ವಾರ ವಿಚಾರಿಸಿದವರು ಆಮೇಲೆ ಕರೆ ಸ್ವೀಕರಿಸುವುದನ್ನೂ ಕಡಿಮೆ ಮಾಡಿದರು. ಸ್ವಯಂಸೇವಕರ ಬಲದಲ್ಲಿ ನಡೆಯುವ ಕೇಂದ್ರವಾದ್ದರಿಂದ ಇದು ಅರ್ಥವಾಗುತ್ತದೆ, ಆದರೂ ಬೇಸರ ತಂದಿತು.

ನಾಯಿಯ ಜೊತೆಗೆ ಅವರು ಕೊಟ್ಟ ಕನ್ನಡದ ಎರಡು ಪುಟಗಳ ಸೂಚನೆ, ಮಾರುಕಟ್ಟೆಯಲ್ಲಿ ಸಿಗುವ ಯಾವ ದುಬಾರಿ ಸಾಮಗ್ರಿಗಿಂತಲೂ ಉಪಯೋಗಕ್ಕೆ ಬಂತು. ಸಾಕುನಾಯಿ ಚಿಕ್ಕ ಮಕ್ಕಳನ್ನು ಕಚ್ಚಿದಾಗ ಅದು ಬಹುಪಾಲು ಪರಿಚಯದ ನಾಯಿಯೇ. ಕಚ್ಚುವುದು ಹೆಚ್ಚಾಗಿ ಮನೆಯೊಳಗೇ, ತಿನ್ನುವಾಗ, ಮಲಗಿದಾಗ, ಅಪ್ಪಿಕೊಂಡಾಗ. ಮಗುವಿನ ಎತ್ತರದಿಂದಾಗಿ ಗಾಯವಾಗುವುದು ಮುಖಕ್ಕೆ, ಕುತ್ತಿಗೆಗೆ. ಆದ್ದರಿಂದ ದೊಡ್ಡವರು ಎದುರಿಗಿಲ್ಲದೆ ಚಿಕ್ಕ ಮಗುವನ್ನೂ ನಾಯಿಯನ್ನೂ ಒಂದೇ ಕೋಣೆಯಲ್ಲಿ ಬಿಡಬಾರದು ಎಂಬುದು ಮೊದಲ ಸಾಲು. ತುಟಿ ನೆಕ್ಕುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಮುಖ ತಿರುಗಿಸುವುದು, ಎದ್ದು ಹೋಗುವುದು ಇವು ನಾಯಿ ‘ಸಾಕು’ ಎನ್ನುವ ರೀತಿ ಎಂದು ಅದರಲ್ಲಿ ಚಿತ್ರಸಹಿತ ಬರೆದಿದೆ. ಗುರ್ ಎಂದ ನಾಯಿಯನ್ನು ಹೊಡೆಯಬೇಡಿ, ಹೊಡೆದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುವುದನ್ನು ಕಲಿಯುತ್ತದೆ ಎಂಬ ಸಾಲಿನ ಕೆಳಗೆ ನಾನು ಗೆರೆ ಎಳೆದಿದ್ದೇನೆ. ಬೆಳ್ಳಿಗೆ ಮೆಟ್ಟಿಲ ಕೆಳಗಿನ ಮೂಲೆಯನ್ನು ಬಿಟ್ಟುಕೊಟ್ಟಿದ್ದೇವೆ. ಅವಳು ಅಲ್ಲಿ ಮಲಗಿದ್ದಾಗ ಮಕ್ಕಳಾರೂ ಹೋಗುವಂತಿಲ್ಲ. ಈ ನಿಯಮವನ್ನು ಮನೆಗೆ ಬರುವ ಗೆಳೆಯರಿಗೆ ಮಗಳೇ ಹೇಳುತ್ತಾಳೆ, ಮಗನಿಗೆ ಮಾತ್ರ ದಿನವೂ ನೆನಪಿಸಬೇಕು. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ ಎಂಬುದು ಅತ್ತೆಯವರಿಗೆ ಹೊಸ ವಿಷಯವಾಗಿತ್ತು. ಈರುಳ್ಳಿ ಹಾಕಿದ ಸಾರು ಕಲಸಿದ ಅನ್ನವನ್ನು ಅವರು ಅಂದೇ ನಿಲ್ಲಿಸಿದರು.

ರೇಬಿಸ್ ಲಸಿಕೆಯ ವಿಷಯದಲ್ಲಿ ಯಾರೂ ಉದಾಸೀನ ಮಾಡಬಾರದು. ರೇಬಿಸ್ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ 40 ಪ್ರತಿಶತ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ ಮರುಲಸಿಕೆ ಹಾಕಿಸಬೇಕು. ಮನೆಯ ನಾಯಿಯೇ ಆಗಲಿ, ಹಲ್ಲು ಅಥವಾ ಉಗುರು ತಗುಲಿ ಗೀರಾದರೆ, ರಕ್ತ ಬರದಿದ್ದರೂ, 15 ನಿಮಿಷ ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ವೈದ್ಯರ ಬಳಿ ಹೋಗಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತುತ್ತ ಹೊತ್ತು ಕಳೆಯಬಾರದು. ಮಗು ಹೆದರಿ ವಿಷಯವನ್ನು ಮುಚ್ಚಿಡದಂತೆ, ಕಚ್ಚಿದರೆ ಬೈಯುವುದಿಲ್ಲ ಎಂಬ ಭರವಸೆಯನ್ನು ಮೊದಲೇ ಕೊಟ್ಟಿರಬೇಕು.

ಈ ಕೇಂದ್ರದ ಸೇವೆ ಯಾರಿಗೆ ಹೊಂದುತ್ತದೆ ಎಂದು ಕೇಳಿದರೆ, ನಾಲ್ಕು ವರ್ಷ ದಾಟಿದ ಮಕ್ಕಳಿದ್ದು, ಹಗಲು ಒಬ್ಬರಾದರೂ ದೊಡ್ಡವರು ಮನೆಯಲ್ಲಿರುವ, ನಾಯಿಯ ರೂಪಕ್ಕಿಂತ ಗುಣ ಮುಖ್ಯವೆನ್ನುವ ಕುಟುಂಬಗಳಿಗೆ ನಾನು ನಿಸ್ಸಂದೇಹವಾಗಿ ಶಿಫಾರಸು ಮಾಡುತ್ತೇನೆ. ಹೆರಿಗೆಯ ದಿನ ಹತ್ತಿರವಿರುವವರು, ಅಂಬೆಗಾಲಿಡುವ ಕೂಸು ಇರುವವರು ಕಾಯುವುದು ಮೇಲು. ಕೇಂದ್ರದವರೂ ಅಂಥವರಿಗೆ ಹಾಗೆಯೇ ಹೇಳಿ ಕಳುಹಿಸುವುದನ್ನು ನೋಡಿದ್ದೇನೆ. ಅಪಾರ್ಟ್‌ಮೆಂಟಿನವರು ಸಂಘದ ನಿಯಮಕ್ಕೆ ಅಂಜಿ ಹಿಂದೆಗೆಯಬೇಕಿಲ್ಲ, ನಿವಾಸಿಗಳ ಸಂಘ ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿಕಲ್ಯಾಣ ಮಂಡಳಿಯ ಮಾರ್ಗಸೂಚಿಯೇ ಹೇಳುತ್ತದೆ. ದತ್ತು ಪಡೆಯಲು ಹೋಗುವವರು ವಾರದ ನಡುವಿನ ದಿನವನ್ನು ಕೇಳಿ ಪಡೆಯಿರಿ, ಮಕ್ಕಳನ್ನು ಎರಡನೆಯ ಭೇಟಿಗೆ ಕರೆದುಕೊಂಡು ಹೋಗಿ, ಉಣ್ಣೆಜ್ವರದ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆಯೇ ಕಾಗದಕ್ಕೆ ಸಹಿ ಮಾಡಿ.